ಕರೆಂಟ್ ಹೋಗದ ಮನೆ

ತೊಂಬತ್ತರ ದಶಕದ ಕೊನೆಯಲ್ಲಿ ಮದ್ರಾಸಿನ ಪೋರೂರಿನಲ್ಲಿ ಮನೆ ಕಟ್ಟಿಸಲು ಹೊರಟಾಗ ನನಗೆ ಸಿಕ್ಕ ಇಂಜಿನಿಯರು ಹೊರದೇಶದಲ್ಲಿ ಓದಿ ಬಂದಿದ್ದ ತಮಿಳು ಹುಡುಗ. ಮೊದಲ ದಿನವೇ ನಕ್ಷೆ ಹರಡಿ, ನೆಲದಾಳದ ಶಾಖವನ್ನು ಪೈಪುಗಳಲ್ಲಿ ಮೇಲೆ ತಂದು ಮನೆಯನ್ನು ಬೆಚ್ಚಗಿಡುವುದು ಹೇಗೆಂದು ವಿವರಿಸತೊಡಗಿದ. ಅಮ್ಮ ಕಾಫಿ ಲೋಟ ಕೆಳಗಿಟ್ಟರು.

"ಏನಪ್ಪಾ, ಮೆಡ್ರಾಸಲ್ಲಿ ಮನೆ ಬಿಸಿ ಮಾಡಕ್ಕೆ ಪೈಪ್ ಎದುಕ್ಕು? ಸುಮ್ಮಾ ಕಿಟಕಿ ತೆಗೆದಿಟ್ರೆ ಸಾಲ್ದಾ?"

ತಲೆಮಾರುಗಳಿಂದ ಇಲ್ಲೇ ಇದ್ದ ನಮ್ಮ ಮನೆಯ ಕನ್ನಡದಲ್ಲಿ ಅರ್ಧ ತಮಿಳೇ ತುಂಬಿತ್ತು. ಹಾಗಾಗಿ ಅವನಿಗೂ ಅರ್ಥವಾಯಿತು, ಮುಖ ಕೆಂಪಾಯಿತು. ಮುಂದಿನ ಸಲ ಬಂದಾಗ ಅದೇ ಪೈಪುಗಳನ್ನು ತಂಪಿಗೆ ತಿರುಗಿಸಿಕೊಂಡು ಬಂದಿದ್ದ. ಮೇ ತಿಂಗಳ ಕತ್ತಿರಿ ಬಿಸಿಲಲ್ಲೂ ಆಳದ ಮಣ್ಣು ತಂಪಾಗಿಯೇ ಇರುತ್ತದಂತೆ. ಅಲ್ಲಿ ಹೂತ ಪೈಪಿನ ಮೂಲಕ ಗಾಳಿಯನ್ನೆಳೆದು ಕೋಣೆಗಳಿಗೆ ಬಿಡುವುದು, ಅದಕ್ಕೂ ಮನೆಯ ದೀಪ, ಫ್ಯಾನುಗಳಿಗೂ ಬೇಕಾದ ಕರೆಂಟಿಗೆ ತಾರಸಿಯ ಮೇಲೆ ಸೋಲಾರ್ ಫಲಕ, ಮೆಟ್ಟಿಲ ಕೆಳಗೆ ಬ್ಯಾಟರಿ. ಊರೆಲ್ಲ ನಕ್ಕಿತು. ನಾನು ಹಟಮಾರಿ, ಕಟ್ಟಿಸಿಯೇಬಿಟ್ಟೆ.

ಮನೆ ಚೆನ್ನಾಗಿಯೇ ಆಯಿತು. ಅಮ್ಮ ಆ ತಂಪಿನಲ್ಲಿ ಕೆಲವು ವರ್ಷ ಇದ್ದು ಹೋಗಿಬಿಟ್ಟರು. ಮದುವೆ ಗಿದುವೆ ಎಂದು ನಾನು ತಲೆ ಕೆಡಿಸಿಕೊಂಡವಳಲ್ಲ. ಆಮೇಲೆ ಮನೆಯಲ್ಲಿ ಉಳಿದವಳು ನಾನೊಬ್ಬಳೇ.

ನುಂಗಂಬಾಕ್ಕಂನ ಆಫೀಸಿನಲ್ಲಿ ಬೆಳಗಿನಿಂದ ತಮಿಳು, ಇಂಗ್ಲಿಷ್. ಅದರ ಬಗ್ಗೆ ತಕರಾರಿಲ್ಲ. ಆಟೋದವನ ಜತೆ ಜಗಳವಾಡಲು ನನ್ನ ತಮಿಳು ಯಾರಿಗೂ ಕಡಿಮೆಯಿಲ್ಲ. ಆದರೆ ಚಪ್ಪಲಿ ಬಿಟ್ಟು ಒಳಗೆ ಬಂದಮೇಲೆ ಕಾರಣವಿಲ್ಲದೆ ಗೊಣಗುತ್ತೇವಲ್ಲ, ಅದು ನನಗೆ ಕನ್ನಡದಲ್ಲೇ ಬರುವುದು. ಗೊಣಗಿದರೆ ಕೇಳಲು ಅಮ್ಮ ಇರಲಿಲ್ಲ. ತಂಪು ಹೊರಗೆ ಹೋಗದಂತೆ ಕಿಟಕಿಗಳನ್ನು ಸದಾ ಮುಚ್ಚಿಡಬೇಕಾದ ಮನೆ ಬೇರೆ. ಬೀದಿಯವರು ನನ್ನನ್ನು ಜಂಬದ ಹೆಂಗಸು ಎಂದುಕೊಂಡಿದ್ದರು. ಅವರ ಮೇಲೆ ನನಗೂ ಸಿಟ್ಟಿತ್ತು.

ಎರಡು ಸಾವಿರದ ದಶಕದ ಕೊನೆಯ ಬೇಸಿಗೆಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟ್ ಹೋಗತೊಡಗಿತು. ನನ್ನ ಮನೆಯಲ್ಲಿ ದೀಪವೂ ಆರುತ್ತಿರಲಿಲ್ಲ, ಫ್ಯಾನೂ ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಹೊರಗಿನಿಂದ ನಗು ಕೇಳಿ ಬಾಗಿಲು ತೆರೆದರೆ ಇಡೀ ಬೀದಿ ಮೆಟ್ಟಿಲುಗಳ ಮೇಲೆ ಕುಳಿತಿದೆ. ಎದುರುಮನೆಯಾಕೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಥೂ, ಎಂತ ಹಾಳು ಸೆಕೆ" ಎಂದರು. ಚಪ್ಪಲಿ ಮೆಟ್ಟದೆಯೇ ಬೀದಿ ದಾಟಿದೆ. ನೀವು ಕನ್ನಡದವರಾ ಎಂದು ಕೇಳಿದೆ.

"ಅಯ್ಯೋ, ನೀವು ಕೂಡಾ ಕನ್ನಡವಾ? ಇಷ್ಟು ವರ್ಷ ಎಂತಕ್ಕೆ ಬಾಯಿ ಮುಚ್ಚಿ ಕೂತಿದ್ರಿ ಮಾರಾಯ್ರೆ?"

ಅವರದು ಉಡುಪಿ ಕಡೆ. ಗಂಡನದು ಹೋಟೆಲು, ಬರುವುದು ತಡ. ಮಗ, ಸೊಸೆ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವರು. ಅಂದಿನಿಂದ ಕರೆಂಟ್ ಹೋದರೆ ಸಾಕು, ಅವರು ನನ್ನ ಮೆಟ್ಟಿಲಿಗೆ ಬರುತ್ತಿದ್ದರು. ಸೊಸೆಯ ಸಾರು, ನನ್ನ ಆಫೀಸಿನ ಮ್ಯಾನೇಜರು, ಇಬ್ಬರ ಮಂಡಿನೋವು, ಎಲ್ಲವನ್ನೂ ಬೈದು ಹಗುರಾಗುತ್ತಿದ್ದೆವು. ಬೇರೆ ಹೊತ್ತಿನಲ್ಲಿ ಕರೆಯಲಿಲ್ಲವೇ ಎಂದರೆ, ಕರೆದಿದ್ದೆ. ಹಗಲು ನನಗೆ ಆಫೀಸು, ಭಾನುವಾರ ಅವರಿಗೆ ಹೋಟೆಲು, ಸಂಜೆ ಅವರಿಗೆ ಸೀರಿಯಲ್ಲು. ಒಮ್ಮೆ ಬಂದವರು ಗಡಿಯಾರ ನೋಡುತ್ತಲೇ ಕಾಫಿ ಕುಡಿದು ಓಡಿದ್ದರು. ಟೀವಿ ಆರಿದರೆ ಮಾತ್ರ ಅವರು ನನ್ನವರು. ಊರೆಲ್ಲ ಕರೆಂಟಿನವರಿಗೆ ಹಿಡಿಶಾಪ ಹಾಕುತ್ತಿದ್ದಾಗ, ಕರೆಂಟೇ ಹೋಗದ ಮನೆಯವಳು ಅದು ಯಾವಾಗ ಹೋಗುತ್ತದೋ ಎಂದು ಕಾಯುತ್ತ ಕೂರುತ್ತಿದ್ದೆ. ನಗು ಬರುತ್ತದೆ, ಆದರೆ ಆ ದಿನಗಳಲ್ಲಿ ನನಗೆ ಇದ್ದ ಸಂತೋಷ ಅದೊಂದೇ.

ಮರುವರ್ಷದ ಬೇಸಿಗೆಗೆ ಅವರ ಮನೆಗೆ ಮೊಮ್ಮಗು ಬಂತು. ಒಂದು ಸಂಜೆ ಕರೆಂಟ್ ಹೋದಾಗ, ಸೆಕೆಗೆ ಅತ್ತು ಅತ್ತು ಸುಸ್ತಾಗಿದ್ದ ಕೂಸನ್ನು ಎತ್ತಿಕೊಂಡು ಒಳಗೇ ಬಂದರು. ಕತ್ತಿನ ತುಂಬ ಬೆವರುಸಾಲೆ. ನಮ್ಮ ಫ್ಯಾನಿನ ಕೆಳಗೆ ಮಲಗಿಸಿದ್ದೇ ತಡ, ನಿದ್ದೆ ಹೋಯಿತು. ಅವರು ಮೇಲೆ ನೋಡಿದರು.

"ಅಕ್ಕ, ಈ ಸೂರ್ಯನ ಕರೆಂಟ್ ನಮ್ಮಲ್ಲೂ ಹಾಕಿಸ್ಬೌದಾ? ನಮ್ಮವರು ನಿಮ್ಮನ್ನೇ ಕೇಳ್ಲಿಕ್ಕೆ ಹೇಳಿದ್ರು. ನೀವು ಬೇಡ ಅಂದ್ರೆ ಬೇಡ."

ಬೇಡವೆನ್ನಲು ಕಾರಣ ಬೇಕಾದಷ್ಟಿತ್ತು. ಬ್ಯಾಟರಿ ಬೇಗ ಸಾಯುತ್ತದೆ, ಮಳೆಗಾಲದಲ್ಲಿ ಚಾರ್ಜ್ ಸಾಲದು, ಫಲಕದ ಧೂಳು ಒರೆಸಿ ಸೊಂಟ ಬೀಳುತ್ತದೆ. ಒಂದೂ ಸುಳ್ಳಲ್ಲ. ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಕೂಸು ನಿದ್ದೆಯಲ್ಲೇ ಕತ್ತು ಕೆರೆದುಕೊಂಡಿತು.

"ಚೆನ್ನಾಗಿದೆ. ಹಾಕಿಸಿ" ಎಂದೆ.

ನನ್ನ ಇಂಜಿನಿಯರನ್ನು ನಾನೇ ಕರೆಸಿದೆ. ತೆಂಗಿನ ನೆರಳು ಎಲ್ಲಿ ಬೀಳುತ್ತದೆಂದು ಅವರ ತಾರಸಿ ಹತ್ತಿ ನಾನೇ ತೋರಿಸಿದೆ. ಕೆಲಸ ಮುಗಿದ ದಿನ ಅವರು ಗೋಳಿಬಜೆ ಮಾಡಿ ಕಳಿಸಿದರು. ರುಚಿಯಾಗಿದ್ದವು, ಎಲ್ಲ ನಾನೊಬ್ಬಳೇ ತಿಂದೆ.

ಅದಾದ ಮೇಲೆ ಮೊದಲ ಸಲ ಕರೆಂಟ್ ಹೋದಾಗ, ಗೊತ್ತಿದ್ದೂ ಹೋಗಿ ಮೆಟ್ಟಿಲ ಮೇಲೆ ಕುಳಿತೆ. ಎದುರುಮನೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಟೀವಿಯೊಳಗೆ ಯಾರೋ ಅಳುತ್ತಿದ್ದರು. ಜಾಹೀರಾತು ಬಂದಾಗ ಅವರು ಕಿಟಕಿಗೆ ಬಂದರು. ಹೆಗಲ ಮೇಲೆ ಕೂಸು ಮಲಗಿತ್ತು.

"ಎಂತ ಅಕ್ಕ, ಈ ಸೆಕೆಯಲ್ಲಿ ಹೊರಗೆ ಕೂತಿದ್ದೀರಿ? ಒಳಗೆ ಹೋಗಿ ಮಾರಾಯ್ರೆ. ನಿಮ್ಮಲ್ಲಿ ತಂಪು ಉಂಟಲ್ಲ."

ಅವರ ದನಿಯಲ್ಲಿ ನಿಜವಾದ ಕಾಳಜಿಯಿತ್ತು. "ಹೌದಲ್ಲ, ಹೋಗ್ತೀನಿ" ಎಂದು ಎದ್ದೆ. ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಅವರು ಹೇಳಿದಂತೆ ಮನೆ ತಂಪಾಗಿಯೇ ಇತ್ತು, ಆಗ ನನಗೆ ಅಳು ಬಂತು.