ನಾಲ್ಕು ಗೋಡೆಯ ರೈಲು

ಅಫಜಲಪುರಕ್ಕೆ ರೈಲು ಬಂದೇ ಇಲ್ಲ ಎಂದು ಯಾರಾದರೂ ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬಂದಿತ್ತು. ದೊಡ್ಡ ಯುದ್ಧ ನಡೆದಿದ್ದ ಕಾಲದಲ್ಲಿ, ನಮ್ಮ ಮನೆಯ ಒಳಕೋಣೆಯಲ್ಲಿ, ನಾಲ್ಕೂ ಗೋಡೆ ಸುತ್ತಿಕೊಂಡು ಇಳಿಯುತ್ತಿತ್ತು. ತಂದವಳು ನಾನು. ಹೊಗೆ ಇರಲಿಲ್ಲ, ಟಿಕೀಟು ಇರಲಿಲ್ಲ, ಕೂಗು ಬೇಕಾದಾಗ ನಾನೇ ಕೂಗುತ್ತಿದ್ದೆ. ಆದರೂ ಅದು ರೈಲೇ. ಅಲ್ಲ ಎನ್ನುವವರು ತಮ್ಮ ಕೈಯಿಂದ ಒಂದು ಮಾಡಿ ತೋರಿಸಲಿ, ಆಮೇಲೆ ಮಾತಾಡೋಣ.

ನಮ್ಮಪ್ಪ ಬಡಿಗ. ಬಂಡಿಯ ಗಾಲಿ ಕಟ್ಟುವುದರಲ್ಲಿ ಅವನನ್ನು ಮೀರಿಸುವವರು ಭೀಮೆಯ ಈ ದಂಡೆಯಲ್ಲಿ ಇರಲಿಲ್ಲ. ಮನೆಯ ಮುಂದಿನ ಚಪ್ಪರವೇ ಅವನ ಕೆಲಸದ ಜಾಗ. ಗಂಡುಮಕ್ಕಳಿಲ್ಲ, ನಾನೊಬ್ಬಳೇ ಮಗಳು. ನನ್ನನ್ನು ಜೇವರ್ಗಿಗೆ ಕೊಟ್ಟಿದ್ದರು. ಎರಡನೆಯ ವರ್ಷ ಗಂಡ ಇನ್ನೊಬ್ಬಳನ್ನು ಮಾಡಿಕೊಂಡು ಬಂದು, “ಇಬ್ಬರೂ ಹೊಂದಿಕೊಂಡು ಇರ್ರಿ” ಎಂದ. ನಾನು ಹೊಂದಿಕೊಳ್ಳಲಿಲ್ಲ. ಇದ್ದೆರಡು ಸೀರೆ ಗಂಟು ಕಟ್ಟಿ, ಸಂತೆಗೆ ಹೊರಟಿದ್ದ ಯಾರದೋ ಬಂಡಿ ಹತ್ತಿ ತವರಿಗೆ ಬಂದೆ. ಊರವರು ‘ಗಂಡನ್ನ ಬಿಟ್ಟಾಕಿ’ ಎಂದರು. ಬಿಟ್ಟಿದ್ದು ಹೌದು. ಅದರಲ್ಲಿ ಮುಚ್ಚಿಡುವುದು ಏನಿದೆ?

ಬಂದವಳ ಮುಂದಿನ ದಾರಿ ಏನು ಎಂಬುದಕ್ಕೆ ಆಳಂದದ ದೊಡ್ಡಪ್ಪ ಉತ್ತರ ಸಿದ್ಧ ಮಾಡಿಕೊಂಡು ಬಂದ. ಅವನು ಅಪ್ಪನ ಸ್ವಂತ ಅಣ್ಣ. ದೀಪಾವಳಿ ಮುಗಿದಿತ್ತು. ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ತನ್ನ ಮಗನನ್ನು ಕಳಿಸುತ್ತೇನೆ, ಅಪ್ಪನ ಉಳಿ, ಬಾಚಿ, ಚಪ್ಪರ, ಗಿರಾಕಿಗಳು ಎಲ್ಲ ಅವನಿಗೆ, ಅವನೇ ನಿಮ್ಮೆಲ್ಲರನ್ನೂ ಸಾಕುತ್ತಾನೆ ಎಂದ. ಅಂದರೆ ನಾನು ಸಾಯುವ ತನಕ ಅವನ ಮಗನಿಗೆ ರೊಟ್ಟಿ ಬಡಿದುಕೊಂಡು ಅಡುಗೆಮನೆಯ ಮೂಲೆಯಲ್ಲಿರಬೇಕು.

“ಚಪ್ಪರದಾಗ ನಾ ಕುಂದರ್ತೇನಿ. ಗಾಲಿ ಕಟ್ಟೂದು ಹುಟ್ಟಿದಾಗಿಂದ ನೋಡೇನಿ” ಎಂದೆ.

ದೊಡ್ಡಪ್ಪ ನಕ್ಕ. “ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಅದರಾಗ ಹೆಣ್ಣು ಮುಟ್ಟಿದ್ರ ಉಳಿ ಬಾಯಿ ಮೊಂಡ ಆಗ್ತದ ಬೇ, ಅಷ್ಟೂ ತಿಳಿಯಂಗಿಲ್ಲ ನಿನಗ?”

ಅಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಹಗ್ಗ ಹೊಸೆಯುತ್ತ ಕೂತಿದ್ದ. ದೊಡ್ಡಪ್ಪನ ನಗುವಿಗಿಂತ ಅದು ನನಗೆ ಹೆಚ್ಚು ಉರಿಯಿತು. ಉಳಿ ಮೊಂಡಾಗುತ್ತದೋ ಇಲ್ಲವೋ ನೋಡಿಯೇ ಬಿಡುತ್ತೇನೆ ಎಂದುಕೊಂಡೆ.

ನಮ್ಮ ಕುಲದಲ್ಲಿ ಅಮಾವಾಸ್ಯೆಯ ದಿನ ಕೆಲಸ ಮಾಡುವುದಿಲ್ಲ. ಬೆಳಿಗ್ಗೆ ಉಳಿ, ಬಾಚಿ ಮೊದಲಾದ ಹತ್ಯಾರಗಳನ್ನೆಲ್ಲ ತೊಳೆದು, ಚಪ್ಪರದಲ್ಲಿ ಸಾಲಾಗಿಟ್ಟು, ಒಂದೊಂದಕ್ಕೂ ವಿಭೂತಿಯ ಮೂರು ಪಟ್ಟೆ ಎಳೆದು ಕೈಮುಗಿದರೆ ಮುಗಿಯಿತು, ಮರುದಿನದ ತನಕ ಗಂಡಸರೂ ಮುಟ್ಟುವಂತಿಲ್ಲ. ಪೂಜೆ ಮಾಡಿ ಅಪ್ಪ ಹೊಳೆಗೆ ಜಳಕಕ್ಕೆ ಹೋಗುತ್ತಿದ್ದ, ಬರುವುದು ಸಂಜೆಗೆ. ತಿಂಗಳಲ್ಲಿ ಉಳಿ, ಬಾಚಿ ಬಿಡುವಾಗಿ ಸಿಗುವುದು ಅದೊಂದೇ ದಿನ. ಹೆಣ್ಣು ಮುಟ್ಟಬಾರದು ಎಂದಿದ್ದರು, ಆ ದಿನ ಯಾರೂ ಮುಟ್ಟಬಾರದು ಎಂದಿದ್ದರು. ಎರಡು ಪಾಪಕ್ಕೆ ಒಂದೇ ದಿನ ಸಾಕು ಎಂದು ನಾನು ಕೂತೆ. ಅವ್ವ ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕಾವಲಿಗಿರುತ್ತಿದ್ದಳು. ಯಾರಾದರೂ ಬಂದರೆ ಕೆಮ್ಮಬೇಕು. ಅವಳು ಸುಮ್ಮನೆ ಕೆಮ್ಮಿಯೂ ನನ್ನ ಜೀವ ತೆಗೆದದ್ದುಂಟು.

ಬಂಡಿ ಮಾಡಿದರೆ ಅಪ್ಪನನ್ನು ನೋಡಿ ಮಾಡಿದಳು ಎಂದು ತಳ್ಳಿಹಾಕುತ್ತಾರೆ. ಅಪ್ಪನೂ ಮಾಡದಿದ್ದದ್ದನ್ನು ಮಾಡಬೇಕಿತ್ತು. ಚಿಕ್ಕವಳಿದ್ದಾಗ ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ರೈಲು ನೋಡಿದ್ದೆ. ಅದನ್ನೇ ಮಾಡುವುದು ಎಂದು ಹಟ ಹಿಡಿದೆ. ಒಳಕೋಣೆಯಲ್ಲಿ ಎದೆಮಟ್ಟದಲ್ಲಿ ಒಂದು ಮಾಡವಿತ್ತು, ದೀಪ ಇಡಲು ಗೋಡೆಯಲ್ಲಿ ಬಿಟ್ಟ ಗೂಡು. ರೈಲು ಅಲ್ಲಿಂದ ಹೊರಡಬೇಕು, ನಾಲ್ಕೂ ಗೋಡೆಗೆ ಬಡಿದ ಗೂಟಗಳ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಯುತ್ತ, ನಾಲ್ಕು ಮೂಲೆ ತಿರುಗಿ, ಬಾಗಿಲ ಹೊಸ್ತಿಲ ಹತ್ತಿರ ಬಂದು ನಿಲ್ಲಬೇಕು. ಎಂಜಿನ್ನಿಗೆ ಬೆಂಕಿ ಬೇಡ, ನೀರು ಬೇಡ. ಇಳಿಜಾರೇ ಅದರ ಉಗಿ.

ಬಿದಿರು ಸೀಳಿ ಹಳಿ ಮಾಡಿದೆ. ಮೂಲೆಗಳಿಗೆ ಬೇಕಾದದ್ದನ್ನು ಒಲೆಯ ಕಾವಿಗೆ ಹಿಡಿದು ಬಗ್ಗಿಸಿದೆ. ಚಪ್ಪರದಲ್ಲಿ ಬಿದ್ದ ಜಾಲಿಯ ಚಕ್ಕೆಗಳು ಹಳಿಯ ಕೆಳಗಿನ ಪಟ್ಟಿಗಳಾದವು. ಎಳ್ಳ ಅಮಾವಾಸ್ಯೆಯಂದು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿತ್ತು, ಆವತ್ತು ಎರಡು ಗೋಡೆ ಮುಗಿಸಿದೆ. ಸಂಜೆಯಾಗುತ್ತಲೇ ಉಳಿಗಳನ್ನು ತೊಳೆದು, ಸಾಲು ಹಚ್ಚಿ, ವಿಭೂತಿ ಮತ್ತೆ ಎಳೆದುಬಿಡುತ್ತಿದ್ದೆ. ಯಾವ ಉಳಿಯೂ ಮೊಂಡಾಗಲಿಲ್ಲ. ಮೊಂಡಾಗಿದ್ದರೆ ಮಸೆಯುವುದೂ ನನಗೆ ಬರುತ್ತಿತ್ತು. ಅಪ್ಪನಿಗೆ ಒಳಕೋಣೆಗೆ ಬರುವ ರೂಢಿ ಇರಲಿಲ್ಲ, ಅದು ಕಾಳಿನ ಕೋಣೆ, ಹೆಂಗಸರದ್ದು.

ಯುಗಾದಿಯ ಅಮಾವಾಸ್ಯೆಗೆ ರೈಲು ಸಿದ್ಧವಾಯಿತು. ಎಂಜಿನ್ನು, ಹಿಂದೆ ಮೂರು ಡಬ್ಬಿ. ಗಾಲಿಗಳಂತೂ ನನ್ನ ಹೆಮ್ಮೆ. ರೂಪಾಯಿಯಗಲದ ಹದಿನಾರು ಗಾಲಿ, ಪ್ರತಿಯೊಂದೂ ತನ್ನ ಅಚ್ಚಿನ ಮೇಲೆ ತಾನೇ ಸಲೀಸಾಗಿ ತಿರುಗುತ್ತಿತ್ತು. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಮೊಳೆಗೆ ಕಡಾಣಿ ಅನ್ನುತ್ತೇವೆ. ಜಾಲಿಯ ಮುಳ್ಳು ಮುರಿದು ಹದಿನಾರು ಕಡಾಣಿ ಹಾಕಿದ್ದೆ. ಮಾಡದಿಂದ ಬಿಟ್ಟೆ. ಮೊದಲ ಗೋಡೆ ಸರಾಗವಾಗಿ ದಾಟಿತು. ಮೊದಲ ಮೂಲೆ ಬರುತ್ತಲೇ ನೆಟ್ಟಗೆ ಹೋಗಿ ಜೋಳದ ಚೀಲದ ಮೇಲೆ ಬಿತ್ತು. ಮತ್ತೆ ಬಿಟ್ಟೆ, ಮತ್ತೆ ಬಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಗೋಡೆ ಡೊಂಕು ಎಂದೆ. ಹಳಿ ಕಿತ್ತು ಹೊಸದಾಗಿ ಬಗ್ಗಿಸಿ ಹಾಕಿದೆ, ಆಗಲೂ ಬಿತ್ತು.

ಮುಂದಿನ ಅಮಾವಾಸ್ಯೆಯಂದು ಸಿಕ್ಕಿಬಿದ್ದೆ. ಅಪ್ಪ ಹೊಳೆಯಿಂದ ಬಂದವನು ಉಳಿಗಳ ಮುಂದೆ ನಿಂತೇಬಿಟ್ಟ. ಅವನ ಬೆರಳು ದಪ್ಪ, ಅವನು ಎಳೆದ ಪಟ್ಟೆ ಅಗಲ. ನನ್ನ ಬೆರಳು ಸಣ್ಣ. ಇಷ್ಟು ತಿಂಗಳು ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಆ ದಿನ ದೊಡ್ಡಪ್ಪನೂ ಬಂದಿದ್ದ. ಇಬ್ಬರೂ ಒಳಕೋಣೆಗೆ ನುಗ್ಗಿದರು. ಬಚ್ಚಿಡಲು ಹೋಗದೆ ಅವರ ಕಣ್ಣೆದುರೇ ರೈಲು ಬಿಟ್ಟೆ. ಅದು ಬಿತ್ತು.

ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪನ ಮುಖ ಕೆಂಪಾಯಿತು. “ಅಮಾಸಿ ಅನ್ನಲಿಲ್ಲ, ಶಾಸ್ತ್ರ ಅನ್ನಲಿಲ್ಲ, ಇದಕ್ಕೇನು ಉಳಿ ಮುಟ್ಟಿದಿ? ಮಣ್ಣೆತ್ತಿನ ಅಮಾಸಿಗಿ ಇದು ಮ್ಯಾಲಿಂದ ಕೆಳಗಿನ ತನಕ ಒಮ್ಮಿ ಬೀಳದಂಗ ಬಂತಂದ್ರ ಚಪ್ಪರದಾಗ ನೀನಽ ಕುಂದ್ರು, ನಾ ಮಾತು ಕೊಟ್ಟೇನಿ. ಬಿತ್ತಂದ್ರ ಒಲಿಗಿ ಹಾಕ್ತೇನಿ, ಮತ್ತ ನೀ ಚಪ್ಪರದ ಹೆಸರು ತಗೀಬಾರದು.”

ಆಗುವುದಿಲ್ಲ ಎಂಬ ಧೈರ್ಯದ ಮೇಲೆ ಕೊಟ್ಟ ಮಾತು ಅದು, ನನಗೆ ಗೊತ್ತಿತ್ತು. “ಆಗ್ಲಿ” ಎಂದೆ. ಮರುದಿನದಿಂದ ಅಪ್ಪನ ಕೆಲಸ ಮುಗಿಯುತ್ತಲೇ ಹತ್ಯಾರಗಳು ಪೆಟ್ಟಿಗೆ ಸೇರಿ, ಪೆಟ್ಟಿಗೆಗೆ ಬೀಗ ಬಿತ್ತು.

ಆಗ ಅವ್ವನಿಗೆ ಗಾಣಗಾಪುರದ ಹರಕೆಯೊಂದು ನೆನಪಾಯಿತು. ಯಾವ ಹರಕೆ ಎಂದು ಅಪ್ಪ ಕೇಳಲಿಲ್ಲ, ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ. ದೇವರಿಗೆ ಕಾಯಿ ಒಡೆದು, ಯಾತ್ರೆಯವರ ಬಂಡಿ ಹಿಡಿದು ಚೌಡಾಪುರದ ಮೇಲಿಂದ ಅದೇ ಸ್ಟೇಷನ್ನಿಗೆ ಹೋದೆವು. ಪಕ್ಕದ ಹಳಿಯ ಮೇಲೆ ಖಾಲಿ ಡಬ್ಬಿಗಳು ನಿಂತಿದ್ದವು. ಅವ್ವನನ್ನು ಬೇವಿನ ನೆರಳಲ್ಲಿ ಕೂರಿಸಿ, ನಾನು ಒಂದು ಡಬ್ಬಿಯ ಕೆಳಗೆ ತಲೆ ಹಾಕಿದೆ.

“ಏ ಬೇಟಿ! ತಲಿ ಹೊರಗ ತಗಿ! ಎಂಜಿನ್ ಬಂದು ಧಕ್ಕಾ ಕೊಟ್ರ ರುಂಡ ಒಂದ ಕಡಿ, ಮುಂಡ ಒಂದ ಕಡಿ!” ಎಂದು ಒಬ್ಬ ಮುದುಕ ಓಡಿಬಂದ. ರೈಲು ಯಾವ ಹಳಿಗೆ ಹೋಗಬೇಕೆಂದು ಸರಳು ಎಳೆದು ದಾರಿ ಬದಲಿಸುವ ಕೆಲಸ ಅವನದು.

“ಚಾಚಾ, ಗಾಲಿ ನೋಡಾಕತ್ತೇನ್ರಿ. ಇದರ ಕಡಾಣಿ ಎಲ್ಲದ ರೀ?”

ಮುದುಕನಿಗೆ ನಗು ಬಂದು ಕೆಮ್ಮು ಹತ್ತಿತು. “ಕಡಾಣಿ? ಇದು ನಿಮ್ಮಪ್ಪನ ಬಂಡಿ ಅಲ್ಲ ಬೇಟಿ. ಎರಡೂ ಗಾಲಿ, ನಡಬರಕ ಅಚ್ಚು, ಮೂರೂ ಸೇರಿ ಒಂದಽ. ತಿರಗಿದ್ರ ಕೂಡೇ ತಿರಗ್ತಾವ. ಇಲ್ಲಿ ಕೈ ಹಚ್ಚಿ ನೋಡು.”

ಕೈ ಹಚ್ಚಿದೆ. ಗಾಲಿಯ ಒಳಬದಿಗೆ ಬೆರಳಿನಷ್ಟು ಎತ್ತರದ ಅಂಚು ಸುತ್ತಲೂ ಎದ್ದಿತ್ತು. ಹಳಿಯ ಮೇಲೆ ಕೂರುವ ಮೈಯೂ ಸಪಾಟಾಗಿರಲಿಲ್ಲ, ಒಳಗೆ ದಪ್ಪ, ಹೊರಗೆ ಸಣ್ಣ. ನಾನು ಬಡಿಗನ ಮಗಳು, ಬೆರಳು ತಾಕಿದರೆ ತಿಳಿಯುತ್ತದೆ. ನಾನು ಮಾಡಿದ್ದು ಹಳಿಯ ಮೇಲೆ ಎತ್ತಿಟ್ಟ ಎತ್ತಿನ ಬಂಡಿ. ಬಂಡಿಗೆ ದಾರಿ ತೋರಿಸಲು ಎತ್ತುಗಳಿರುತ್ತವೆ, ರೈಲಿಗೆ ಅದರ ಗಾಲಿಯೇ ದಾರಿ ಹಿಡಿಯಬೇಕು. ಅಷ್ಟು ತಿಳಿಯುತ್ತಲೇ ಮೈಯೆಲ್ಲ ಬಿಸಿಯಾಯಿತು. ನಾಚಿಕೆ ಸ್ವಲ್ಪ, ಖುಷಿ ಅದಕ್ಕಿಂತ ಹೆಚ್ಚು. ಚಾಚಾನ ಕಾಲು ಮುಟ್ಟಲು ಬಗ್ಗಿದರೆ, “ಹೋಗು ಹೋಗು, ಮೊದಲ ಹಳಿ ಬಿಟ್ಟು ಹೊರಗ ನಿಂದ್ರು” ಎಂದು ಬೈದು ಕಳಿಸಿದ.

ಹತ್ಯಾರಕ್ಕೆ ಬೀಗ ಹಾಕಬಹುದು, ಅಡುಗೆಮನೆಗೆ ಯಾರು ಹಾಕುತ್ತಾರೆ? ನುಗ್ಗೆಯ ಟೊಂಗೆಯನ್ನು ಕುಡುಗೋಲಿನಿಂದ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದೆ. ಬಟ್ಟೆ ಒಗೆಯುವ ಕಲ್ಲಿಗೆ ತೀಡಿ ತೀಡಿ, ಒಂದು ಬದಿ ದಪ್ಪ, ಒಂದು ಬದಿ ಸಣ್ಣ ಮಾಡಿದೆ. ಎಣ್ಣೆಯ ಹಳೆಯ ಡಬ್ಬಿಯ ತಗಡು ಕತ್ತರಿಸಿ ಒಳಬದಿಗೆ ಅಂಚು ಕಟ್ಟಿದೆ. ಕಾಸಿದ ಮೊಳೆಯಿಂದ ತೂತು, ಮುರಿದ ಕೊಡೆಯ ಕಡ್ಡಿ ಅಚ್ಚು, ಗಾಲಿ ಅಚ್ಚಿಗೆ ಕಚ್ಚಿಕೊಳ್ಳಲು ಕರಗಿಸಿದ ಅರಗು. ಎರಡು ಬೆರಳು ಸುಟ್ಟುಕೊಂಡೆ. ಅಪ್ಪ ಊಟಕ್ಕೆ ಕೂತಾಗ ಆ ಬೆರಳುಗಳನ್ನು ನೋಡಿ, ಇನ್ನೊಂದು ರೊಟ್ಟಿ ಕೇಳಿದ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಒಳಕೋಣೆಯಲ್ಲಿ ಅಪ್ಪ, ದೊಡ್ಡಪ್ಪ, ಬಾಗಿಲಲ್ಲಿ ಅವ್ವ, ಅವಳ ಬೆನ್ನಿಗೆ ನೆರೆಮನೆಯವರು ಇಬ್ಬರು ಮೂವರು. ದೊಡ್ಡಪ್ಪನ ಮಗ ಮರುದಿನ ಸಾಮಾನು ಹೇರಿಕೊಂಡು ಬರುವವನಿದ್ದ. ತೂಕಕ್ಕೆ ಡಬ್ಬಿಗಳಲ್ಲಿ ಜೋಳ ತುಂಬಿದೆ. ರೈಲನ್ನು ಮಾಡದಲ್ಲಿ ಹಳಿಗೆ ಕೂರಿಸಿದೆ. ಬಿಟ್ಟೆ.

ಮೊದಲ ಮೂಲೆಯಲ್ಲಿ ಅಂಚು ಹಳಿಗೆ ತಾಕಿ ಕಿರ್ರೆಂದಿತು, ತಿರುಗಿತು. ಎರಡನೆಯದರಲ್ಲೂ ತಿರುಗಿತು. ಮೂರನೆಯದರಲ್ಲಿ ಕೊನೆಯ ಡಬ್ಬಿ ಒಂದು ಬದಿಯ ಗಾಲಿಗಳನ್ನು ಎತ್ತಿಯೇಬಿಟ್ಟಿತು. ನಾಲ್ಕು ಕಾಳು ನೆಲಕ್ಕೆ ಚೆಲ್ಲಿದವು. ಅವ್ವ “ಯವ್ವಾ” ಎಂದಳು. ಡಬ್ಬಿ ಮತ್ತೆ ಹಳಿಗೆ ಕೂತುಕೊಂಡಿತು. ನಾಲ್ಕನೆಯ ಮೂಲೆ ತಿರುಗಿ, ಹೊಸ್ತಿಲ ಹತ್ತಿರ ನಾನು ಇಟ್ಟಿದ್ದ ಬಟ್ಟೆಯ ಸುರುಳಿಗೆ ಮೆಲ್ಲಗೆ ತಾಕಿ ನಿಂತಿತು. ನಾನು ಗಂಟಲು ಹರಿಯುವಂತೆ ಕೂ ಎಂದು ಕೂಗಿದೆ. ಹೊರಗಿದ್ದವರು ಬಂತಲೇ, ಬಂತಲೇ ಎಂದರು.

ದೊಡ್ಡಪ್ಪನಿಗೆ ನಗಲು ಆಗಲಿಲ್ಲ. “ಆಟದ ಸಾಮಾನು ಓಡಿದ್ರ ಗಾಲಿ ಕಟ್ಟಿದಂಗ ಆತೇನು? ತಮ್ಮಾ, ಹೆಣ್ಣಮಗಳ ಕೈಯಾಗ ಸೋತಿ ಅಂತ ಆಳಂದದಾಗ ಹೇಳ್ಲೇನು?”

ಅಪ್ಪ ಎದ್ದ. ಮಾಡದ ಕೆಳಗಿನ ಹಳಿಗೆ ಕೈ ಹಾಕಿ ಒಂದೇ ಸಲ ಜಗ್ಗಿದ. ಗೂಟ ಕಿತ್ತು, ಹಳಿ ಮುರಿದು, ಮೂರು ಗೋಡೆಯದ್ದು ನೆಲಕ್ಕೆ ಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವ್ವ ಅತ್ತಳು. ನನಗೆ ಅಳು ಬರಲಿಲ್ಲ. ಅಪ್ಪನ ಎದುರಿಗೆ ಹೋಗಿ ನಿಂತೆ.

“ಅಪ್ಪಾ, ನೀ ಮಾತು ಕೊಟ್ಟಿದ್ದು ನನಗ, ರೈಲಿಗಲ್ಲ. ರೈಲ ಮುರದಿ. ನನ್ನ ಹ್ಯಾಂಗ ಮುರೀತಿ?”

ಅಪ್ಪ ಮುರಿದ ಹಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋದ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಚಪ್ಪರ ಗುಡಿಸಿದೆ. ಅಪ್ಪನ ಮಣೆ ಎಳೆದುಕೊಂಡು, ರಸ್ತೆಗೆ ಮುಖ ಮಾಡಿ ಕೂತೆ. ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತಿದ್ದ ದೊಡ್ಡಪ್ಪ, “ಏಳು ಬೇ, ಮಂದಿ ನೋಡ್ತಾರ” ಎಂದ. “ನೋಡ್ಲಿ ಅಂತನಽ ಕುಂತೇನಿ” ಎಂದೆ. ಬಾಗಿಲಲ್ಲಿ ಅಪ್ಪ ಚೆಂಬು ಹಿಡಿದು ಮುಖ ತೊಳೆಯುತ್ತಿದ್ದ. ಬಿತ್ತನೆಯ ದಿನಗಳು. ನಿಂಬರ್ಗಾ ಕಡೆಯ ಒಬ್ಬ ಒಕ್ಕಲಿಗ ಅರದ ಕಡ್ಡಿ ಮುರಿದ ಬಂಡಿಗಾಲಿಯನ್ನು ಉರುಳಿಸಿಕೊಂಡು ಬಂದು, ನನ್ನನ್ನು ನೋಡಿ ದೂರದಲ್ಲೇ ನಿಂತ.

“ಬಡಿಗ್ಯಾರು ಇಲ್ಲೇನ್ರಿ?”

“ನಾ ಅದೇನಲ್ರಿ. ಗಾಲಿ ಇಲ್ಲಿ ತರ್ರಿ” ಎಂದೆ.

ಅವನು ನನ್ನನ್ನು ದಾಟಿ ಅಪ್ಪನನ್ನು ನೋಡಿದ. ದೊಡ್ಡಪ್ಪನೂ ಅಪ್ಪನನ್ನೇ ನೋಡಿದ. ನಾನು ನೋಡಲಿಲ್ಲ. ಎದ್ದು ಹೋಗು ಎಂದರೂ ಏಳಬಾರದೆಂದು ಮಣೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದೆ. ಬೆನ್ನ ಹಿಂದೆ ಚೆಂಬು ನೆಲಕ್ಕಿಟ್ಟ ಸಪ್ಪಳ ಕೇಳಿಸಿತು.

“ನನ್ನ ಮಾರಿ ಏನ್ ನೋಡ್ತೀರಿ?” ಎಂದ ಅಪ್ಪ. “ಗಾಲಿ ಆಕಿ ಮುಂದ ಇಡ್ರಿ.”