ಹೂಂಗುಟ್ಟುವ ಪುಸ್ತಕ

೧೯೯೪ರಲ್ಲಿ ನಂಜನಗೂಡಿನ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಪುಟ್ಟ ಪ್ರೆಸ್ ಇತ್ತು. ಆಫ್‌ಸೆಟ್ ಮುದ್ರಣ ಬಂದು ನಮ್ಮಂಥವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದ ಕಾಲ. ಒಂದೊಂದೇ ಅಚ್ಚುಮೊಳೆ ಜೋಡಿಸಿ ಮುದ್ರಿಸುವ ನನ್ನ ಪಾಲಿಗೆ ಉಳಿದಿದ್ದು ಲಗ್ನಪತ್ರಿಕೆ, ಬಿಲ್ ಬುಕ್ ಅಷ್ಟೆ.

ಒಂದು ದಿನ ಪಾದ್ರಿ ಸ್ಯಾಮ್ಯುಯೆಲ್ ಬಂದರು. ಹೆಡಿಯಾಲದ ಕಾಡಂಚಿನಲ್ಲಿ ಜೇನುಕುರುಬರ ಹಾಡಿಯೊಂದರಲ್ಲಿ ಶಾಲೆ ನಡೆಸುತ್ತಿದ್ದವರು. ಅಲ್ಲಿನ ಬೊಮ್ಮಜ್ಜಿ ಹೇಳಿದ ಕತೆಯನ್ನು ಟೇಪ್ ಮಾಡಿ, ಜೇನುಕುರುಬರದೇ ನುಡಿಯನ್ನು ಕನ್ನಡ ಅಕ್ಷರದಲ್ಲಿ ಬರೆದು ತಂದಿದ್ದರು. ಅಮೆರಿಕದ ಚೆರೋಕಿ ಜನರ ವಿಷಯ ಹೇಳಿದವರೂ ಅವರೇ. ಆ ಜನರಲ್ಲೇ ಒಬ್ಬ ತಮ್ಮ ಮಾತಿಗೆ ಲಿಪಿ ಕಟ್ಟಿದನಂತೆ, ಮಿಷನರಿಗಳು ಅದಕ್ಕೆ ಮೊಳೆ ಎರಕ ಹೊಯ್ಯಿಸಿ ಪ್ರೆಸ್ ಹೂಡಿದರಂತೆ. ಕೇಳಿ ನನ್ನ ಮೈ ಜುಮ್ಮೆಂದಿತು. ಕಾಲಲ್ಲಿ ತುಳಿದು ಓಡಿಸುವ ನನ್ನ ಹಳೇ ಟ್ರೆಡಲ್ ಯಂತ್ರದ ಮೇಲೆ ಅಂದು ಗೌರವ ಬಂತು.

ಪ್ರೂಫ್ ತೆಗೆದುಕೊಂಡು ಇಬ್ಬರೂ ಹಾಡಿಗೆ ಹೋದೆವು. ಅಜ್ಜಿಗೆ ಓದು ಬಾರದು, ಪಾದ್ರಿಗಳೇ ಓದಿದರು. ನಾಲ್ಕು ಸಾಲಿಗೆ ಅಜ್ಜಿ ಕೈ ಅಡ್ಡ ಹಿಡಿದರು.

"ಯಾರ ಕತೆ ಇದು?"

"ನಿಮ್ದೇ ಅಜ್ಜಿ" ಎಂದರು ಪಾದ್ರಿಗಳು.

"ನಂದಾದ್ರೆ ಊಂ ಅನ್ನೋರು ಎಲ್ಲೋದ್ರು? ಊಂ ಅನ್ನೋರಿಲ್ದೆ ಕತೆ ಯೋಳಬಾರ್ದು ಸಾ. ಕಾಗ್ದಕ್ಕೆ ಆಕ್ಬ್ಯಾಡಿ."

ಕತೆ ಕೇಳುವವರು ಸಾಲುಸಾಲಿಗೂ ಹೂಂಗುಟ್ಟಬೇಕು. ನಮ್ಮ ಮನೆಗಳಲ್ಲೂ ಅದೇ ರೂಢಿ. ಟೇಪಿನಲ್ಲಿದ್ದ ಹೂಂಗಳನ್ನೆಲ್ಲ ಪಾದ್ರಿಗಳು ಬರೆಯುವಾಗ ಬಿಟ್ಟಿದ್ದರು. ಅಜ್ಜಿ ಒಪ್ಪದಿದ್ದರೆ ಪುಸ್ತಕವೇ ಇಲ್ಲ, ಹಾಡಿಯ ಮಕ್ಕಳಿಗೆ ತಮ್ಮ ಮಾತಿನಲ್ಲಿ ಓದಲು ಏನೂ ಇಲ್ಲ. ಪಾದ್ರಿಗಳ ಮುಖ ಸಪ್ಪಗಾಯಿತು.

"ಎಲ್ಲಾ ಹೂಂನೂ ಹಾಕ್ತೀನಿ ಬಿಡವ್ವ" ಎಂದುಬಿಟ್ಟೆ. ಅಜ್ಜಿ ಒಪ್ಪಿದರು.

ಹೇಳಿದಷ್ಟು ಸಲೀಸಾಗಿರಲಿಲ್ಲ. 'ಹೂಂ'ಗೆ ಬೇಕಾದ ಮೊಳೆಗಳು ಒಂದೇ ಪುಟಕ್ಕೆ ಮುಗಿದುಹೋದವು. ಒಂದು ಪುಟ ಮುದ್ರಿಸುವುದು, ಮೊಳೆ ಬಿಚ್ಚಿ ತೊಳೆಯುವುದು, ಮತ್ತೆ ಅವನ್ನೇ ಜೋಡಿಸುವುದು. "ಮದ್ವೆ ಆದಾಗಿಂದ ನನ್ ಮಾತಿಗೆ ಒಂದ್ಸಲನಾರ ಹೂಂ ಅಂದಿದ್ದೀರೇನ್ರೀ?" ಎಂದು ಹೆಂಡತಿ ಛೇಡಿಸಿದಳು.

ಪುಸ್ತಕ ಒಯ್ದ ದಿನ ಅಜ್ಜಿಯ ಮೊಮ್ಮಗಳು ಓದಲು ನಿಂತಳು. ಮೊದಲ ಸಾಲು ಮುಗಿಯಿತು. ಅಚ್ಚಾಗಿದ್ದ ಹೂಂ ಅವಳ ಬಾಯಿಗೆ ಬರುವ ಮೊದಲೇ ಕೂತಿದ್ದವರೆಲ್ಲ ಒಟ್ಟಿಗೆ ಹೂಂ ಎಂದರು. ನಾನೂ ಅಂದೆ. ನಾನು ಜೋಡಿಸಿದ ಹೂಂ ಕಾಗದದಿಂದ ಎದ್ದು ಬಂದದ್ದನ್ನು ಕಂಡು ಬೆರಗಾಗಿ ನನ್ನ ಕಣ್ಣು ತುಂಬಿತು.

ಕತೆಗಾರ್ತಿಗೂ ತನ್ನ ಕತೆ ಕೇಳುವ ಸುಖವನ್ನು ನನ್ನ ಅಚ್ಚಿನ ಕಸುಬು ಕೊಡಬಲ್ಲದೆಂದು ಕಂಡದ್ದು ಆವತ್ತು. ಪುಟ ತಿರುಗಿಸಲು ಓದು ನಿಂತಾಗ, ಇಡೀ ಕತೆ ಬಾಯಿಪಾಠವಿದ್ದ ಬೊಮ್ಮಜ್ಜಿ ಮೊಮ್ಮಗಳ ಕಡೆ ಬಾಗಿ ಕೇಳಿದರು: "ಆಮೇಕೆ?"