ಹಿಡಿಯ ಆಟ

ಚಳಿಯ ಬೆಳಗು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಟೀ ಲೋಟ ಹಿಡಿದಿದ್ದೆ. ಬಿಸಿ ತಾಗಲಿಲ್ಲ. ನೋಡಿದರೆ ಬಲಗೈಯ ಮೂರು ಬೆರಳು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು.

ಕಾಲು ಗಂಟೆಯಲ್ಲಿ ಕೆಂಪಾದವು, ಉರಿದವು. ಮರುದಿನವೂ ಅದೇ.

ಕಾಂಕ್ರೀಟ್ ಒಡೆಯುವ ಬ್ರೇಕರ್ ಮಷೀನು ಹಿಡಿದು ಹನ್ನೊಂದು ವರ್ಷ ದುಡಿದವನು ನಾನು. ಮೊದಲು ಮೇಸ್ತ್ರಿಯ ಮೇಲೆ ಅನುಮಾನ ಬಂತು: ಹಳೇ ಮಷೀನನ್ನು ಬೇಕೆಂದೇ ನನಗೆ ಗಂಟು ಹಾಕುತ್ತಾನೆ. ಹೆಂಡತಿ ಲಕ್ಷ್ಮಿಗೆ ನನ್ನ ಮೇಲೆಯೇ ಅನುಮಾನ. ಒಂದು ದಿನ ನನ್ನ ತಟ್ಟೆಯನ್ನು ಬೇರೆ ಇಟ್ಟಳು.

"ಕುಷ್ಠ ಅಲ್ಲ ತಾನೇ? ಮಗೀನ ಎತ್ಕೋಬೇಡಿ. ಮೊದ್ಲು ತೋರ್ಸ್ಕೊಂಡ್ ಬನ್ನಿ."

ನನಗೆ ಅಳು ಬಂತು.

ಕೆ.ಜಿ.ಎಫ್.ನಲ್ಲಿ ಡಾಕ್ಟರಮ್ಮ ನನ್ನ ಕೆಲಸ ಕೇಳಿಕೊಂಡು, ಬೆರಳಿಗೆ ಸೂಜಿ ಚುಚ್ಚಿ, ಉಗುರು ಒತ್ತಿ ಬಿಟ್ಟು ರಕ್ತ ಎಷ್ಟು ಬೇಗ ಮರಳುತ್ತದೆಂದು ನೋಡಿದರು. "ಕುಷ್ಠ ಅಲ್ಲ. ವೈಬ್ರೇಷನ್‌ನಿಂದ ನರ, ರಕ್ತನಾಳ ಕೆಟ್ಟಿವೆ. ಬ್ರೇಕರ್ ಮುಟ್ಟಬೇಡಿ. ಬೀಡಿನೂ ಬಿಡಿ."

ಅವರನ್ನೂ ನಂಬಲಿಲ್ಲ. ಇಷ್ಟು ವರ್ಷ ಆಗದ್ದು ಈಗೇಕೆ?

"ಈಚೆಗೆ ಮಷೀನಿಗೆ ಏನಾದರೂ ಮಾಡಿದ್ರಾ?" ಎಂದರು.



ಮಾಡಿದ್ದೆ. ಬ್ರೇಕರಿನ ಮೈಗೂ ಹಿಡಿಗೂ ನಡುವೆ ರಬ್ಬರ್ ಇರುತ್ತದೆ, ಅದರಿಂದ ಹಿಡಿ ತುಸು ಅಲುಗುತ್ತದೆ. ನಾವು ಅದಕ್ಕೆ 'ಆಟ' ಅನ್ನುತ್ತೇವೆ. ಒಳ್ಳೆಯ ಕೆಲಸಗಾರ ಯಾವ ಮಷೀನಿನಲ್ಲೂ ಆಟ ಬಿಡುವವನಲ್ಲ. ಹೋದ ವರ್ಷ ಆ ರಬ್ಬರ್ ಕಿತ್ತು, ಕಬ್ಬಿಣದ ವಾಷರ್ ಕೊಟ್ಟು ಬಿಗಿದಿದ್ದೆ. ನಾಲ್ಕು ಜನಕ್ಕೆ ತೋರಿಸಿ ಬೀಗಿದ್ದೆ ಕೂಡ. ಅದುರುವಿಕೆ ಕೈಗೆ ಬಾರದಿರಲೆಂದೇ ಆ ಆಟವನ್ನು ಇಟ್ಟಿರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಊರನ್ನೆಲ್ಲ ಅನುಮಾನಿಸಿದವನು ನನ್ನೊಬ್ಬನನ್ನು ಬಿಟ್ಟಿದ್ದೆ.

ಆಮೇಲೆ ನೆನಪಾಯಿತು. ಜೊತೆ ಕೆಲಸ ಮಾಡುವ ಮುರುಗೇಶನ ಮಷೀನನ್ನೂ ನಾನೇ ಬಿಗಿದುಕೊಟ್ಟಿದ್ದೆ.

ಅಲ್ಲೇ ಕೆ.ಜಿ.ಎಫ್.ನ ಕೋರಮಂಡಲ್ ಕಡೆ ಇದ್ದ ಅವನ ಮನೆಗೆ ನೇರ ಹೋದೆ.

"ಕೈ ತೋರ್ಸ್ಲಾ."

"ಯಾಕ್ ಮಚ್ಚಾ, ಜೋಸ್ಯ ಏಳ್ತೀಯಾ?"

ಉಗುರು ಒತ್ತಿ ಬಿಟ್ಟೆ. ರಕ್ತ ತಕ್ಷಣ ಮರಳಿತು. ನಡೆದದ್ದನ್ನೆಲ್ಲ ಹೇಳಿದೆ. ಅವನ ನಗು ನಿಂತಿತು.

"ಬೆಳಿಗ್ಗೆ ಎದ್ದಾಗ ಬೆರಳು ಜುಮ್ ಅನ್ನೋದು ಅದ್ಕೇನಾ? ವಯಸ್ಸಾಯ್ತು ಅನ್ಕೊಂಡಿದ್ನಲ್ಲೋ."

ಅವನ ಕಣ್ಣು ನೋಡಲಾಗಲಿಲ್ಲ. ತಪ್ಪಾಯ್ತು ಕಣ್ಲಾ ಎಂದೆ. ಮರುದಿನವೇ ಅವನ ಮಷೀನಿನ ವಾಷರ್ ತೆಗೆದು ಮತ್ತೆ ರಬ್ಬರ್ ಹಾಕಿದೆ.

ಈಗ ಮೇಸ್ತ್ರಿ ನನ್ನನ್ನು ಮಷೀನು ನೋಡಿಕೊಳ್ಳುವ ಕೆಲಸಕ್ಕೆ ಹಾಕಿದ್ದಾನೆ. ಮೊಂಡಾದ ಉಳಿ ಬದಲಿಸುತ್ತೇನೆ, ಸವೆದ ರಬ್ಬರ್ ಬದಲಿಸುತ್ತೇನೆ. ಚಳಿ ಬಿದ್ದರೆ ನನ್ನ ಬೆರಳು ಈಗಲೂ ಬೆಳ್ಳಗಾಗುತ್ತವೆ. ಪೂರ್ತಿ ಸರಿಹೋಗುತ್ತವೆಂದು ಡಾಕ್ಟರಮ್ಮ ಹೇಳಿಲ್ಲ. ಮಗುವನ್ನಂತೂ ಎತ್ತಿಕೊಳ್ಳುತ್ತೇನೆ.

ಮುರುಗೇಶ ದಿನಾ ಬೆಳಿಗ್ಗೆ ಮಷೀನು ತೆಗೆದುಕೊಳ್ಳುವ ಮೊದಲು, ಕೇಳದಿದ್ದರೂ, ನನ್ನ ಮುಂದೆ ಕೈ ಚಾಚುತ್ತಾನೆ. ಒಂದೊಂದೇ ಉಗುರು ಒತ್ತಿ ನೋಡುತ್ತೇನೆ. ಇವತ್ತಿನವರೆಗೆ ಕೆಂಪಗೇ ಇವೆ.